27 ಚೌಕದ ಹೊಸರಿತ್ತಿ

ನಮ್ಮ ಹೊಸರಿತ್ತಿ ವರದಾ ನದಿಯ ದಂಡೆಯ ಊರು. ಬರೆಯಲು ನಾಲ್ಕೇ ಅಕ್ಷರ. ಅದಕ್ಕೆ ಕಂಪ್ಯೂಟರಿನಲ್ಲಿ 27 ಚೌಕ ಬೇಕೆಂದು ನನಗೆ ತಿಳಿದದ್ದು ನಮ್ಮ ಶಾಲೆಯ ಹುಡುಗಿಯೊಬ್ಬಳ ವಿದ್ಯಾರ್ಥಿವೇತನ ನಿಂತಾಗ.

ಅವಳದು ಉದ್ದನೆಯ ಹೆಸರು. ತಂದೆಯ ಹೆಸರು, ಅಡ್ಡಹೆಸರು ಎಲ್ಲ ಸೇರಿದ್ದು. ಪಟ್ಟಿಯಲ್ಲಿ ಅದು ನಡುವೆಯೇ ತುಂಡಾಗಿ, ತುದಿಯಲ್ಲಿ ಕಪ್ಪು ವಜ್ರದೊಳಗೆ ಒಂದು ಪ್ರಶ್ನೆಚಿಹ್ನೆ ಕುಳಿತಿತ್ತು. ಬ್ಯಾಂಕಿನ ಪುಸ್ತಕಕ್ಕೆ ತಾಳೆಯಾಗಲಿಲ್ಲ. ಕಚೇರಿಗೆ ಹೋದರೆ, "ನೀವೇ ತಪ್ಪು ಬರೆದಿರಬೇಕು" ಎಂದರು. ವರ್ಷಗಟ್ಟಲೆ ಹಾಜರಿ ಪುಸ್ತಕ ಬರೆದವಳಿಗೆ ಆ ಮಾತು ಚುಚ್ಚಿತು.

ಯುಗಾದಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿಗೆ ಆ ಹಾಳೆ ತೋರಿಸಿದೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವಳು. "ಇದು ಹಳೇ ರೋಗ ರೀ, ಅಕ್ಕಾರ" ಎಂದು ನಕ್ಕಳು.

ಎಷ್ಟು ಹಳೆಯದು? ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ 1972ರ ಸುಮಾರಿಗೆ ಸಿ ಭಾಷೆಯನ್ನು ರೂಪಿಸಿದರು. ಅದರಲ್ಲಿ ಹೆಸರೆಂದರೆ ಸಾಲಾದ ಚೌಕಗಳು, ಮುಗಿಯಿತೆನ್ನಲು ಕೊನೆಯಲ್ಲೊಂದು ಸೊನ್ನೆ. ಆ ಸೊನ್ನೆ ಇಲ್ಲದಿದ್ದರೆ ಯಂತ್ರ ಮುಂದಿನ ಚೌಕಗಳನ್ನೂ ಹೆಸರೆಂದೇ ಓದುತ್ತ ಹೋಗುತ್ತದೆ. ಆಗ ಕಂಪ್ಯೂಟರಿನ ನೆನಪು ಬಹಳ ತುಟ್ಟಿ. 1979ರ ಯುನಿಕ್ಸ್‌ನಲ್ಲಿ ಒಂದು ಕಡತದ ಹೆಸರಿಗೆ ಕೊಟ್ಟದ್ದು 14 ಚೌಕ. ಪೂರ್ತಿ ತುಂಬಿದರೆ ಸೊನ್ನೆಗೂ ಜಾಗವಿಲ್ಲ. ಇಂಥ ಚೌಕ ತುಂಬುವುದಕ್ಕೆ ಹುಟ್ಟಿದ ಆಜ್ಞೆಯ ಹೆಸರು ಎಸ್‌ಟಿಆರ್‌ಎನ್‌ಸಿಪಿವೈ. ಹೇಳಲು ನಾಲಿಗೆಯೇ ಹೊರಳದು!

ಇಂಗ್ಲಿಷಿನವರಿಗೆ ಒಂದು ಅಕ್ಷರಕ್ಕೆ ಒಂದು ಚೌಕ. ಕನ್ನಡಕ್ಕೆ 1991ರಲ್ಲಿ ಯುನಿಕೋಡ್‌ನಲ್ಲಿ ಸ್ಥಾನ ಸಿಕ್ಕಿತು. ಮರುವರ್ಷ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಚಿಹ್ನೆಗೂ ಮೂರು ಚೌಕ. ಹ, ಒತ್ವ, ಸ, ರ, ಗುಡಿಸು, ತ, ಹಲಂತ, ತ, ಗುಡಿಸು: ಒಂಬತ್ತು ಚಿಹ್ನೆ, 27 ಚೌಕ. ಹಳೆಯ 14 ಚೌಕಕ್ಕೆ ತುರುಕಿದರೆ 'ಹೊಸರ' ಎಂಬಲ್ಲಿಗೆ 12 ಮುಗಿದವು. ಉಳಿದೆರಡರಲ್ಲಿ ಗುಡಿಸಿನ ಮೂರರಲ್ಲಿ ಎರಡು ಪಾಲು ಮಾತ್ರ ಹಿಡಿಯುತ್ತದೆ. ಅದೇ ಆ ಕಪ್ಪು ವಜ್ರ.

ಅವಳ ಕಂಪನಿಯಲ್ಲೂ ಹೊರಗಿನಿಂದ ತಂದ ಹಳೆಯ ಸಿ ಬರಹವೊಂದಿತ್ತಂತೆ. 2018ರಲ್ಲಿ ಬಂದ ಜಿಸಿಸಿ 8 ಎಂಬ ಕಂಪೈಲರ್, ಅಂದರೆ ಆ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ, "ಇಲ್ಲಿ ಹೆಸರು ತುಂಡಾದೀತು" ಎಂದು ಎಚ್ಚರಿಸಲು ಕಲಿತಿತ್ತು. ಸಾಲುಸಾಲು ಎಚ್ಚರಿಕೆ.

"ಅದರ ಬಾಯಿ ಮುಚ್ಚಿಸೋದು ಸಸಾರ ರೀ" ಎಂದಳು. "ಕೊನೀ ಚೌಕದಾಗ ಒಂದು ಸೊನ್ನಿ ಇಟ್ರ ಸುಮ್ಮನಾಗತೈತಿ. ಆದ್ರ ಹೆಸರು ತುಂಡಾಗೋದು ಹಂಗ ಉಳೀತೈತಿ."

ಹಾಗಾದರೆ ಮಾಡುವುದೇನು? ರವಿಕೆಗೆ ಕತ್ತರಿ ಹಾಕುವ ಮುಂಚೆ ಅಳತೆ ತೆಗೆಯುತ್ತೇವಲ್ಲ, ಹಾಗೆ ಮೊದಲು ಹೆಸರಿನ ಉದ್ದ ಅಳೆಯಬೇಕು. ಹಿಡಿಸದಿದ್ದರೆ ಜಾಗ ಹೆಚ್ಚಿಸಬೇಕು, ಇಲ್ಲವೇ ಹಿಡಿಸಲಿಲ್ಲವೆಂದು ಬರೆಯುವವರಿಗೆ ತಿಳಿಸಬೇಕು. ಕತ್ತರಿಸಲೇಬೇಕಾದರೆ ಇಡೀ ಅಕ್ಷರ ಮುಗಿದಲ್ಲಿ ಕತ್ತರಿಸಬೇಕು. ಸೊನ್ನೆಯಿಲ್ಲದೆ ತುಂಬುವುದೇ ಉದ್ದೇಶವಾದ ಹಳೆಯ ಕಡೆಗಳಿಗೆ ಹಾಗೆಂದೇ ಗುರುತು ಹಾಕಬೇಕು. ಅವಳು ಒಂದೊಂದನ್ನೂ ಓದಿ ಸರಿಪಡಿಸಿದಳಂತೆ. ಮೇಲಿನವರಿಗೆ ಅದು ವ್ಯರ್ಥ ಕೆಲಸವಾಗಿ ಕಂಡಿತಂತೆ. ನನಗೆ ಕಾಣಲಿಲ್ಲ.

ಅವಳು ಹೇಳಿದ್ದನ್ನೆಲ್ಲ ಕಾಗದದಲ್ಲಿ ಬರೆದು ಕಚೇರಿಗೆ ಕೊಟ್ಟೆ. ಎರಡು ತಿಂಗಳಾದ ಮೇಲೆ ಹಣ ಬಂತು. ತಪ್ಪು ತಮ್ಮದೆಂದು ಮಾತ್ರ ಯಾರೂ ಹೇಳಲಿಲ್ಲ.

1943ರ ಏಪ್ರಿಲ್ 1ರಂದು ಇದೇ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಜೊತೆಯಲ್ಲಿ ಪ್ರಾಣ ಕೊಟ್ಟರು. ಆ ಪಾಠ ಮಾಡುವಾಗ ಮಕ್ಕಳಿಂದ ಮಹಾದೇವಪ್ಪನವರ ಹೆಸರಿನ ಚೌಕ ಎಣಿಸಿದೆ. ನಡುವಿನ ತೆರಪು ಸೇರಿ 43, ಕೊನೆಯ ಸೊನ್ನೆಗೆ ಇನ್ನೊಂದು. ಆ ಹುಡುಗಿ ಹಲಗೆಯ ಬಳಿ ಬಂದು, ಯಾರೂ ಹೇಳದೆಯೇ, ತನ್ನ ಹೆಸರನ್ನೂ ಪೂರ್ತಿ ಬರೆದು ಎಣಿಸತೊಡಗಿದಳು.