ಏರ್‌ಬಸ್ಸಿನ ಡ್ರೈವರ್

1990ರ ಫೆಬ್ರವರಿ 14, ಬುಧವಾರ. ಮುರಗೋಡದ ನಮ್ಮ ಮನೆಯಲ್ಲಿ ರೇಡಿಯೋ ವಾರ್ತೆ ನಡೆದಿತ್ತು. ಬೆಂಗಳೂರಿನಲ್ಲಿ ಏರ್‌ಬಸ್ ಬಿದ್ದಿದೆ ಎಂಬ ಸುದ್ದಿಯಲ್ಲಿ ನಮ್ಮ ಆಯಿಗೆ ಕೇಳಿಸಿದ್ದು ‘ಬಸ್’ ಅಷ್ಟೇ. “ಡ್ರೈವರ್ ಉಳದಾನೋ ಇಲ್ಲೋ?” ಎಂದು ಕೇಳಿದಳು. ನಾವು ಹುಡುಗರೆಲ್ಲ ನಕ್ಕೆವು. ಆ ಅಪಘಾತದ ವಿಚಾರಣೆಯ ವಿವರಗಳನ್ನು ಓದಿದಾಗಲೆಲ್ಲ, ಆಕೆ ಕೇಳಿದ್ದು ನಗುವಂಥ ಪ್ರಶ್ನೆಯಾಗಿರಲಿಲ್ಲ ಅನಿಸುತ್ತದೆ.

ಬಿದ್ದದ್ದು ಇಂಡಿಯನ್ ಏರ್‌ಲೈನ್ಸ್‌ನ ವಿಮಾನ. 1953ರ ಕಾಯ್ದೆಯಂತೆ ಎಂಟು ಖಾಸಗಿ ಕಂಪನಿಗಳನ್ನು ಸರಕಾರ ವಹಿಸಿಕೊಂಡು ಕಟ್ಟಿದ ಸಂಸ್ಥೆ ಅದು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಕೂಡ ಅದರಲ್ಲಿ ಕರಗಿತು. ಮುಂದೆ ಸುಮಾರು ನಾಲ್ಕು ದಶಕ ದೇಶದೊಳಗೆ ಹಾರುವುದೆಂದರೆ ಬಹುಮಟ್ಟಿಗೆ ಅದೇ. ಬೇಡವೆಂದರೆ ರೈಲು ಹತ್ತಬೇಕು.

ಅದರ ಅಪಘಾತಗಳ ಪಟ್ಟಿ ಚಿಕ್ಕದಲ್ಲ. 1973ರಲ್ಲಿ ದಿಲ್ಲಿಯ ಬಳಿ ಕೇಂದ್ರ ಸಚಿವ ಮೋಹನ್ ಕುಮಾರಮಂಗಲಂ ಸೇರಿ 48 ಮಂದಿ, 1976ರಲ್ಲಿ ಮುಂಬಯಿಯಲ್ಲಿ 95, 1988ರಲ್ಲಿ ಅಹಮದಾಬಾದಿನಲ್ಲಿ 133. 1981ರಲ್ಲಿ ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಹೋದರೂ ಯಾರೂ ಸಾಯಲಿಲ್ಲ. 1993ರಲ್ಲಿ ಔರಂಗಾಬಾದಿನಲ್ಲಿ ಮೇಲೇರುತ್ತಿದ್ದ ಬೋಯಿಂಗ್, ರನ್‌ವೇ ಆಚೆಯ ರಸ್ತೆಯಲ್ಲಿ ಹೋಗುತ್ತಿದ್ದ ಹತ್ತಿ ಲಾರಿಗೆ ಬಡಿದು 55 ಮಂದಿ ಸತ್ತರು. ಬೈಲಹೊಂಗಲದ ಪೇಟೆಗೆ ಹತ್ತಿ ಹೇರಿಕೊಂಡು ಹೋಗುವ ಲಾರಿಗಳನ್ನು ನೋಡಿ ಬೆಳೆದ ನನಗೆ ಇದನ್ನು ನಂಬಲು ಬಹಳ ಹೊತ್ತು ಹಿಡಿಯಿತು.

ಬೆಂಗಳೂರಿನದು ಬೇರೆಯೇ ಕತೆ. ಮುಂಬಯಿಯಿಂದ ಬಂದ ಐಸಿ 605ರಲ್ಲಿ 146 ಮಂದಿ ಇದ್ದರು. ಆಕಾಶ ಶುಭ್ರವಾಗಿತ್ತು. ಎ-320 ವಿಮಾನ ಹೊಚ್ಚ ಹೊಸದು, ಸಂಸ್ಥೆಯ ಕೈಗೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಅದು ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ಇಳಿದು, ಪುಟಿದು, ದಿಬ್ಬಕ್ಕೆ ಅಪ್ಪಳಿಸಿ ಹೊತ್ತಿಕೊಂಡಿತು. 92 ಮಂದಿ ಸತ್ತರು.

ಕೆಟ್ಟದ್ದಾದರೂ ಏನು? ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ. ಎತ್ತರ ನಿಗದಿ ಮಾಡುವ ಗುಂಡಿಯೂ ಇಳಿಯುವ ವೇಗ ನಿಗದಿ ಮಾಡುವ ಗುಂಡಿಯೂ ಅಕ್ಕಪಕ್ಕ. ನಿಮಿಷಕ್ಕೆ 700 ಅಡಿಯಂತೆ ಇಳಿ ಎನ್ನಲು ಹೋಗಿ, 700 ಅಡಿ ಎತ್ತರಕ್ಕೆ ಇಳಿ ಎಂದು ತಿರುಗಿಸಿರುವ ಸಾಧ್ಯತೆ ವಿಚಾರಣೆಯಲ್ಲಿ ಬಂತು. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿದೆ! ಎಂಜಿನ್‌ಗಳು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಬಿಟ್ಟ ಬಸ್ಸಿನಂತಾದವು. ಅದನ್ನು ಸರಿಪಡಿಸಲು ಇಬ್ಬರೂ ತಮ್ಮ ತಮ್ಮ ‘ಫ್ಲೈಟ್ ಡೈರೆಕ್ಟರ್’ ಆರಿಸಬೇಕಿತ್ತು. ಒಂದು ಆರಿತು, ಇನ್ನೊಂದು ಹಾಗೇ ಉಳಿಯಿತು. 132 ನಾಟ್ ಇರಬೇಕಾದ ವೇಗ 106ಕ್ಕೆ ಕುಸಿದಿತ್ತು. ಎಂಜಿನ್‌ಗಳು ಎಚ್ಚೆತ್ತು ಶಕ್ತಿ ಪಡೆಯಲು ಕೆಲವು ಸೆಕೆಂಡ್ ಬೇಕು, ಆ ಸೆಕೆಂಡುಗಳು ಉಳಿದಿರಲಿಲ್ಲ.

ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣೆ, ಪರಿಸ್ಥಿತಿಯ ಗಂಭೀರತೆ ಪೈಲಟ್‌ಗಳಿಗೆ ಸಕಾಲದಲ್ಲಿ ಅರಿವಾಗಲಿಲ್ಲ ಎಂದಿತು. ಅದು ಸುಳ್ಳಲ್ಲ. ಆದರೆ ಸನ್ನೆ ಹಿಡಿದು ಹಾರಿಸಿ ಪಳಗಿದವರಿಗೆ ಗುಂಡಿ ತಿರುಗಿಸಿ ಹಾರಿಸುವ ಯಂತ್ರ ಕೊಟ್ಟ ಮೇಲೆ, ಅದು ಈ ಕ್ಷಣ ಯಾವ ಲೆಕ್ಕದಲ್ಲಿ ಇಳಿಯುತ್ತಿದೆ ಎಂಬುದನ್ನು ಮೈಗೆ ಹತ್ತಿಸುವ ಹೊಣೆ ಕೊಟ್ಟವರದೂ ಅಲ್ಲವೆ? ಸತ್ತವರ ಮೇಲೆ ತಪ್ಪು ಹೊರಿಸುವುದು ಸುಲಭ, ಅವರು ಎದುರು ಮಾತಾಡುವುದಿಲ್ಲ. ಸರಕಾರ ಎ-320ಗಳನ್ನು ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಿತು. ಖರೀದಿಯ ಬಗ್ಗೆ ಸಿಬಿಐ ಮೊಕದ್ದಮೆ ಹೂಡಿತು. ಸಂಸ್ಥೆ 2007ರಲ್ಲಿ ಏರ್ ಇಂಡಿಯಾದಲ್ಲಿ ವಿಲೀನವಾಯಿತು, 2011ರಲ್ಲಿ ‘ಐಸಿ’ ಎಂಬ ಸಂಕೇತವೂ ಹೋಯಿತು.

ಮರುದಿನ ಪತ್ರಿಕೆ ಬಂದ ಮೇಲೆ ಆಯಿಗೆ ಹೇಳಿದೆ, “ಡ್ರೈವರ್ ಇಬ್ಬರಿದ್ರು, ಇಬ್ಬರೂ ಹೋದ್ರು.”

ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. “ಇಬ್ಬರಿದ್ರೂ ಒಬ್ಬಂಗಾದ್ರೂ ಗೊತ್ತಾಗಲಿಲ್ಲೇನೋ?”