ತೊಟ್ಟಿಕ್ಕಿದ ನೆಣ ಯಾರ ಪಾಲು? ಇಂಗ್ಲೆಂಡಿನ ಅಡುಗೆಮನೆಯಲ್ಲಿ ಡ್ರಿಪ್ಪಿಂಗ್

ಕಬ್ಬಿಣದ ಸಲಾಕೆಗೆ ಚುಚ್ಚಿದ ದನದ ತೊಡೆಯೋ ಕುರಿಯ ಮುಂಗಾಲಿನ ಭಾಗವೋ ತೆರೆದ ಉರಿಯೆದುರು ಗಂಟೆಗಟ್ಟಲೆ ತಿರುಗುವಾಗ ಅದರ ನೆಣ ಕರಗಿ ಕೆಳಗಿಟ್ಟ ಉದ್ದನೆಯ ತಟ್ಟೆಗೆ ತೊಟ್ಟಿಕ್ಕುತ್ತದೆ. ಇಂಗ್ಲಿಷರು ಇದನ್ನು ಡ್ರಿಪ್ಪಿಂಗ್ ಎನ್ನುತ್ತಾರೆ. ಆರಿದ ಮೇಲೆ ಮೇಲ್ಗಡೆ ಬೆಳ್ಳಗಿನ ಗಟ್ಟಿ ಪದರ, ಅಡಿಯಲ್ಲಿ ಮಾಂಸದ ರಸ ಹೆಪ್ಪುಗಟ್ಟಿದ ಕಂದು ಲೋಳೆ. ಬ್ರೆಡ್ಡಿಗೆ ಸವರಲು, ಕರಿಯಲು, ಹಿಟ್ಟು ಕಲಸಲು, ದೀಪ ಉರಿಸಲು ಇದು ಒದಗುತ್ತಿತ್ತು. ಇಷ್ಟೊಂದು ಉಪಯೋಗವಿದ್ದ ವಸ್ತುವಿಗೆ ಹಕ್ಕುದಾರರೂ ಹಲವರಿದ್ದರು. ಮಾಂಸ ಕೊಂಡದ್ದು ಯಜಮಾನ, ಉರಿಯೆದುರು ಬೆಂದವಳು ಅಡುಗೆಯವಳು, ಹಿತ್ತಲ ಬಾಗಿಲಲ್ಲಿ ಕಾದು ನಿಂತವರು ಬೇರೆ. ಡ್ರಿಪ್ಪಿಂಗಿನ ಕತೆಯನ್ನು ರುಚಿಯ ಚರಿತ್ರೆ ಎನ್ನುವುದಕ್ಕಿಂತ ಒಡೆತನದ ಚರಿತ್ರೆಯಾಗಿ ಓದಿದರೆ ಅದರ ತಿರುವುಗಳು ಹೆಚ್ಚು ಅರ್ಥವಾಗುತ್ತವೆ ಎಂಬುದು ಈ ಲೇಖನದ ವಾದ.

ಮೊದಲು ಎರಡು ಪಾಕವಿಧಾನಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 1737ರಲ್ಲಿ ಪ್ರಕಟವಾದ 'ದಿ ಹೋಲ್ ಡ್ಯೂಟಿ ಆಫ್ ಎ ವುಮನ್' ಎಂಬ ಪುಸ್ತಕದಲ್ಲಿ ಡ್ರಿಪ್ಪಿಂಗ್ ಪುಡಿಂಗ್ ಮಾಡುವ ಕ್ರಮವಿದೆ. ಹಿಟ್ಟನ್ನು ತೆಳ್ಳಗೆ ಕಲಸಿ, ಬಾಣಲೆಗೆ ಚೂರು ಬೆಣ್ಣೆ ಹಾಕಿ ಅಡಿ ಸ್ವಲ್ಪ ಗಟ್ಟಿಯಾಗುವವರೆಗೆ ಬೇಯಿಸಿ, ಆಮೇಲೆ ಆ ಬಾಣಲೆಯನ್ನೇ ಸುಡುತ್ತಿರುವ ಕುರಿಮಾಂಸದ ಕೆಳಗೆ, ನೆಣದ ತಟ್ಟೆಯ ಜಾಗದಲ್ಲಿ ಇಡಬೇಕು. ಹತ್ತು ವರ್ಷಗಳ ನಂತರ, 1747ರಲ್ಲಿ, ಹ್ಯಾನಾ ಗ್ಲಾಸ್ ತಮ್ಮ 'ದಿ ಆರ್ಟ್ ಆಫ್ ಕುಕರಿ' ಪುಸ್ತಕದಲ್ಲಿ ಇಂಥದೇ ತಿಂಡಿಗೆ ಯಾರ್ಕ್‌ಷೈರ್ ಪುಡಿಂಗ್ ಎಂಬ ಹೆಸರು ಕೊಟ್ಟರು. ಹೆಸರಿನ ಬದಲಾವಣೆಯನ್ನು ಎಲ್ಲರೂ ಗುರುತಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬಾಣಲೆಯೊಳಗಿನ ಬದಲಾವಣೆ. ಗ್ಲಾಸ್ ಬಾಣಲೆಗೆ ಹಾಕಿಸುವುದು ಬೆಣ್ಣೆಯನ್ನಲ್ಲ, ಡ್ರಿಪ್ಪಿಂಗನ್ನು. ಮಾಂಸ ಇನ್ನೂ ಉರಿಯೆದುರು ಇರುವಾಗಲೇ ಬಾಣಲೆಗೆ ಹಾಕುವಷ್ಟು ನೆಣ ಕೈಗೆ ಸಿಗಬೇಕಾದರೆ, ಹಿಂದಿನ ವಾರದ್ದು ಜಾಡಿಯಲ್ಲಿ ಉಳಿದಿರಬೇಕು, ಅಥವಾ ಕೆಳಗಿನ ತಟ್ಟೆಯಿಂದ ಆಗಾಗ ಮೊಗೆದುಕೊಂಡಿರಬೇಕು. ನೆಣವನ್ನು ಕೂಡಿಡುವ ಅಭ್ಯಾಸ ಇಲ್ಲಿ ಪಾಕವಿಧಾನದ ಒಳಗೇ ಸೇರಿಕೊಂಡಿದೆ.

ಅದೇ ಪುಸ್ತಕದ ಇನ್ನೊಂದು ಅಧ್ಯಾಯ ಹಡಗಿನ ಕಪ್ತಾನರಿಗೆ ಮೀಸಲು. ಡ್ರಿಪ್ಪಿಂಗನ್ನು ಕೆಡದಂತೆ ಕಾಪಿಡುವ ಪೂರ್ತಿ ವಿಧಾನ ಇರುವುದು ಅಲ್ಲಿ. ಆರು ಪೌಂಡ್ ದನದ ನೆಣವನ್ನು ನೀರಿನಲ್ಲಿ ಕುದಿಸಿ, ಸೋಸಿ, ಆರಲು ಬಿಡಬೇಕು. ಗಟ್ಟಿಯಾದ ಪದರವನ್ನು ಎತ್ತಿ, ಅದರ ಅಡಿಗೆ ಅಂಟಿದ ರಸವನ್ನು ಕೆರೆದು ತೆಗೆಯಬೇಕು. ಹೀಗೆ ಎಂಟು ಸಲ. ಕೊನೆಗೆ ಆರು ಬೇ ಎಲೆ, ಹನ್ನೆರಡು ಲವಂಗ, ಅರ್ಧ ಪೌಂಡ್ ಉಪ್ಪು, ಕಾಲು ಪೌಂಡ್ ಇಡೀ ಕರಿಮೆಣಸು ಹಾಕಿ ಕರಗಿಸಿ, ಜಾಡಿಗೆ ಸೋಸಿ ಮುಚ್ಚಬೇಕು. ಜಾಡಿಯನ್ನು ಬೋರಲು ಹಾಕಿಟ್ಟರೆ ಇಲಿ ಮುಟ್ಟುವುದಿಲ್ಲ ಎಂಬ ಸೂಚನೆಯೂ ಇದೆ. ಎಂಟು ಸಲ ಎನ್ನುವುದು ಅತಿಯೆನಿಸಬಹುದು, ಆದರೆ ಅದರ ಹಿಂದೆ ಗಟ್ಟಿ ಅನುಭವವಿದೆ. ನೆಣವನ್ನು ಬೇಗ ಕೆಡಿಸುವುದು ಅದರೊಳಗೆ ಉಳಿದ ನೀರು ಮತ್ತು ಮಾಂಸದ ಕಣಗಳು. ಅವೆರಡೂ ಹೋದರೆ ಉಳಿಯುವುದು ಗಾಳಿ, ಬೆಳಕುಗಳಿಂದ ಹುಟ್ಟುವ ಕಮಟು ಮಾತ್ರ, ಅದಕ್ಕೆ ಮುಚ್ಚಿದ ಜಾಡಿ ಇದೆ. ಆ ಕಾಲು ಪೌಂಡ್ ಮೆಣಸು ನಮಗೂ ಪರಿಚಿತ ಸರಕು. 17ನೇ ಶತಮಾನದಲ್ಲೇ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆಯಲು ಇದ್ದ ಕಾರಣಗಳಲ್ಲಿ ಮೆಣಸೂ ಒಂದು.

ಬಡವರ ಮನೆಯಲ್ಲಿ ಇದೇ ಜಿಡ್ಡಿಗೆ ಇನ್ನೊಂದು ಬೇಡಿಕೆ ಇತ್ತು, ದೀಪದ್ದು. 1709ರ ಕಾಯಿದೆ ಮೇಣದಬತ್ತಿಯ ಮೇಲೆ ತೆರಿಗೆ ಹೇರಿ, ಪರವಾನಗಿ ಇಲ್ಲದೆ ಮನೆಯಲ್ಲಿ ಬತ್ತಿ ಎರೆಯುವುದನ್ನು ತಡೆಯಿತು. ಆ ತೆರಿಗೆ ರದ್ದಾದದ್ದು 1831ರಲ್ಲಿ. ಸ್ವಂತ ಬಳಕೆಗೆ ಜೊಂಡಿನ ತಿರುಳನ್ನು ನೆಣದಲ್ಲಿ ಅದ್ದಿ ಉರಿಸುವುದಕ್ಕೆ ಮಾತ್ರ ವಿನಾಯಿತಿ ಇತ್ತು. ನಿಸರ್ಗ ವೀಕ್ಷಕ ಗಿಲ್ಬರ್ಟ್ ವೈಟ್ 1775ರ ನವೆಂಬರಿನ ಪತ್ರವೊಂದರಲ್ಲಿ ಈ ಜೊಂಡುದೀಪದ ಲೆಕ್ಕವನ್ನೇ ಒಪ್ಪಿಸಿದ್ದಾರೆ. ಒಂದು ಪೌಂಡ್ ಒಣ ಜೊಂಡಿಗೆ ಆರು ಪೌಂಡ್ ನೆಣ ಬೇಕು, ಒಂದು ಫಾರ್ದಿಂಗಿನ ಖರ್ಚಿನಲ್ಲಿ ಬಡ ಕುಟುಂಬಕ್ಕೆ ಐದೂವರೆ ಗಂಟೆ ಬೆಳಕು. ಜಾಣ ಗೃಹಿಣಿ ಆ ನೆಣಕ್ಕೂ ದುಡ್ಡು ಕೊಡುವುದಿಲ್ಲ, ಬೇಕನ್ ಬೇಯಿಸಿದ ಪಾತ್ರೆಯ ಮೇಲೆ ತೇಲುವ ಜಿಡ್ಡನ್ನು ತೆಗೆದಿಟ್ಟುಕೊಳ್ಳುತ್ತಾಳೆ, ಉಪ್ಪು ಹೆಚ್ಚಿದ್ದರೆ ಬೆಚ್ಚಗಿನ ಓವನ್ನಿನಲ್ಲಿಟ್ಟು ಅದನ್ನು ತಳಕ್ಕೆ ಇಳಿಸುತ್ತಾಳೆ ಎಂದೂ ಬರೆಯುತ್ತಾರೆ. ಒಂದು ಬಟ್ಟಲು ನೆಣವನ್ನು ತಿನ್ನಬೇಕೋ ಉರಿಸಬೇಕೋ ಎಂಬ ಪ್ರಶ್ನೆ ಆ ಗುಡಿಸಲುಗಳಲ್ಲಿ ದಿನದಿನದ್ದು.

ಉಳ್ಳವರ ಮನೆಗಳಲ್ಲಿ ಡ್ರಿಪ್ಪಿಂಗ್ ಅಡುಗೆಯವಳ ರೂಢಿಯ ಹಕ್ಕು. ನಮ್ಮ ಹಳ್ಳಿಗಳಲ್ಲಿ ಆಯಗಾರರಿಗೆ ಕಣದಲ್ಲೇ ಸಲ್ಲುತ್ತಿದ್ದ ಆಯದಂತೆ ಇದೂ ಬಾಯಿಮಾತಿನ ಒಪ್ಪಂದ, ಸಂಬಳದ ಜೊತೆ ಸೇರಿಕೊಂಡು ಬಂದದ್ದು. ಹೆನ್ರಿ ಮೇಹ್ಯೂ 1851ರ ಹೊತ್ತಿಗೆ ಲಂಡನ್ನಿನ ದುಡಿಯುವವರ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಅಡುಗೆಮನೆಯ ಜಿಡ್ಡು ಕೊಳ್ಳುವವರಿಗೆ ಪ್ರತ್ಯೇಕ ಭಾಗವೇ ಇದೆ. ಹಿಂದೆ ದೊಡ್ಡ ಮೇಲಂಗಿ ಹೊದ್ದು ಬುಟ್ಟಿ ಹಿಡಿದ ಹೆಂಗಸರು ಮನೆಮನೆಯ ಕೆಳಅಂಗಳಕ್ಕೆ ಇಳಿದು ಅಡುಗೆಯವಳನ್ನು ಕೇಳುತ್ತಿದ್ದರು, ತನ್ನ ಕಾಲಕ್ಕೆ ಆ ವ್ಯಾಪಾರ ಚಿಂದಿ, ಬಾಟಲಿ ಕೊಳ್ಳುವ ಅಂಗಡಿಗಳ ಪಾಲಾಗಿದೆ ಎಂದು ಅವರು ಹೇಳುತ್ತಾರೆ. ಡಿಕನ್ಸರ 'ಬ್ಲೀಕ್ ಹೌಸ್' ಕಾದಂಬರಿಯಲ್ಲಿ ಕ್ರೂಕ್‌ನ ಅಂಗಡಿಯ ಮುಂದೆ ಎಲುಬು ಕೊಳ್ಳುವ ಫಲಕದ ಜೊತೆಗೆ ಅಡುಗೆಮನೆಯ ಜಿಡ್ಡು ಕೊಳ್ಳುವ ಫಲಕವೂ ಇರುವುದು ಈ ಲೋಕದಿಂದಲೇ ಬಂದದ್ದು. ಅಂಗಡಿಗೆ ಹೋದ ನೆಣದಲ್ಲಿ ಕೊಳಕಾದದ್ದು ಸಾಬೂನು, ಬತ್ತಿಗಳಿಗೆ, ಚೆನ್ನಾಗಿದ್ದದ್ದು ಬೆಣ್ಣೆ ಕೊಳ್ಳಲಾಗದವರ ಬ್ರೆಡ್ಡಿಗೆ.

ಈ ಹಿನ್ನೆಲೆಯಲ್ಲಿ 1861ರಲ್ಲಿ ಬಂದ ಇಸಬೆಲ್ಲಾ ಬೀಟನ್ ಅವರ ಗೃಹಕೃತ್ಯದ ಪುಸ್ತಕವನ್ನು ಓದಬೇಕು. ದನದ ಡ್ರಿಪ್ಪಿಂಗ್ ಶುದ್ಧಿ ಮಾಡುವ ಕ್ರಮವನ್ನು ಅವರು ಸಂಖ್ಯೆ ಹಾಕಿದ ಪಾಕವಿಧಾನವಾಗಿಯೇ ಕೊಟ್ಟಿದ್ದಾರೆ. ಬೋಗುಣಿಯಲ್ಲಿ ಹಾಕಿ, ಕುದಿನೀರು ಸುರಿದು ಕಲಕಿ, ಕಶ್ಮಲ ತಳಕ್ಕಿಳಿದ ಮೇಲೆ ಮೇಲಿನದನ್ನು ಜಾಡಿಗೆ ತುಂಬಬೇಕು. ಗ್ಲಾಸ್‌ರ ಎಂಟು ಸಲ ಇಲ್ಲಿ ಒಂದೇ ಸಲಕ್ಕೆ ಇಳಿದಿದೆ, ಏಕೆಂದರೆ ಇದು ಸಮುದ್ರಯಾನಕ್ಕಲ್ಲ, ಮುಂದಿನ ವಾರದ ಅಡುಗೆಗೆ. ಇಂಥ ಸೂಚನೆಗಳನ್ನು ಬರೀ ಮಿತವ್ಯಯದ ಪಾಠವೆಂದು ಓದುವುದು ವಾಡಿಕೆ. ನನ್ನ ಓದಿನಲ್ಲಿ ಇದು ಯಜಮಾನಿ ತನ್ನ ಜಾಡಿಯನ್ನು ಮರಳಿ ಪಡೆಯುವ ಕ್ರಮವೂ ಹೌದು. ಲೆಕ್ಕಕ್ಕೆ ಸಿಕ್ಕಿ, ಜಾಡಿಗೆ ಸೇರಿದ ನೆಣ ಹಿತ್ತಲ ಬಾಗಿಲಿನಿಂದ ಹೊರಹೋಗುವುದು ಕಷ್ಟ. ಮನೆಯ ಖರ್ಚು ತಗ್ಗುತ್ತದೆ, ಅಡುಗೆಯವಳ ಗಿಟ್ಟುವಳಿಯೂ ತಗ್ಗುತ್ತದೆ. ಪಾಕಪುಸ್ತಕ ಮೊದಲನೆಯದನ್ನು ಹೇಳುತ್ತದೆ, ಎರಡನೆಯದನ್ನು ತಿಳಿಯಲು ಮೇಹ್ಯೂ ಬೇಕು.

ಕಾರ್ಮಿಕರ ಮನೆಗಳಲ್ಲಿ ಬ್ರೆಡ್ಡು ಮತ್ತು ಡ್ರಿಪ್ಪಿಂಗ್ 20ನೇ ಶತಮಾನದಲ್ಲೂ ಹೊಟ್ಟೆ ತುಂಬಿಸಿತು. ಯಾರ್ಕ್‌ಷೈರ್ ಕಡೆಯವರು ಕಂದು ಲೋಳೆಯನ್ನೂ ಸೇರಿಸಿ, ಉಪ್ಪು ಉದುರಿಸಿ ತಿನ್ನುವುದನ್ನೇ ಇಷ್ಟಪಟ್ಟರು.

ಯುದ್ಧ ಬಂದಾಗ ಹೊಸ ಹಕ್ಕುದಾರ ಹುಟ್ಟಿಕೊಂಡ, ಸರ್ಕಾರ. ಬ್ರಿಟನ್ನಿನಲ್ಲಿ 1940ರ ಜನವರಿ 8ರಂದು ಬೆಣ್ಣೆ, ಬೇಕನ್, ಸಕ್ಕರೆಗೆ ರೇಷನ್ ಬಂತು. ಮಾರ್ಚಿನಲ್ಲಿ ಮಾಂಸ, ಜುಲೈಯಲ್ಲಿ ಮಾರ್ಗರೀನ್ ಮತ್ತು ಅಡುಗೆಯ ಕೊಬ್ಬು ಆ ಪಟ್ಟಿಗೆ ಸೇರಿದವು. ಮಾಂಸವೇ ಕಡಿಮೆಯಾದಾಗ ಅದರಿಂದ ಇಳಿಯುವ ನೆಣವೂ ಕಡಿಮೆ, ಹಾಗಾಗಿ ಚೂರು ಚೂರು ಉಳಿದದ್ದನ್ನೂ ಕರಗಿಸಿ ಬಳಸುವಂತೆ ಆಹಾರ ಇಲಾಖೆ ಗೃಹಿಣಿಯರಿಗೆ ಹೇಳಿಕೊಟ್ಟಿತು. ಅಮೆರಿಕದಲ್ಲಿ ಆಗ್ರಹ ಇನ್ನೂ ನೇರವಾಗಿತ್ತು. 1942ರಿಂದ ಅಲ್ಲಿನ ಹೆಂಗಸರು ಹುರಿದ ಬಾಣಲೆಯ ಜಿಡ್ಡನ್ನು ಡಬ್ಬಿಯಲ್ಲಿ ತುಂಬಿ ಮಾಂಸದ ಅಂಗಡಿಗೆ ಒಪ್ಪಿಸಿದರು. ಪೌಂಡಿಗೆ 4 ಸೆಂಟ್ ಸಿಗುತ್ತಿತ್ತು, 1943ರ ಕೊನೆಯಿಂದ ಹೆಚ್ಚುವರಿ ರೇಷನ್ ಪಾಯಿಂಟೂ ಸೇರಿತು. ಕೊಬ್ಬಿನ ಸುಮಾರು ಹತ್ತನೇ ಒಂದು ಪಾಲು ಗ್ಲಿಸರಿನ್, ಅದರಿಂದ ನೈಟ್ರೋಗ್ಲಿಸರಿನ್, ಅದರಿಂದ ಸಿಡಿಮದ್ದು. 1942ರಲ್ಲೇ ಡಿಸ್ನಿ ಕಂಪನಿ ಮಾಡಿದ ಪ್ರಚಾರ ಚಿತ್ರದಲ್ಲಿ ಮಿನಿ ಮೌಸ್ ಬೇಕನ್ನಿನ ಜಿಡ್ಡನ್ನು ನಾಯಿ ಪ್ಲೂಟೋಗೆ ಹಾಕಲು ಹೊರಟಾಗ ರೇಡಿಯೋದ ದನಿ ತಡೆಯುತ್ತದೆ. ಮನೆಯ ನಾಯಿಯ ಪಾಲು ಕೂಡ ಸೈನ್ಯಕ್ಕೆ ಹೋಯಿತು.

ಬ್ರಿಟನ್ನಿನ ರೇಷನ್ 1954ರ ಜುಲೈ 4ರಂದು ಮಾಂಸದೊಂದಿಗೆ ಮುಗಿಯಿತು. ನೆಣವನ್ನು ಕೂಡಿಡುವ ಅಭ್ಯಾಸ ಕುಗ್ಗಿದ್ದು ಅದಾದ ನಂತರ, ಅಗ್ಗದ ಸಸ್ಯದೆಣ್ಣೆಯಿಂದ ಮತ್ತು ವೈದ್ಯರ ಮಾತಿನಿಂದ. ದನದ ನೆಣದಲ್ಲಿ ಸರಿಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಹೃದ್ರೋಗದ ಬಗ್ಗೆ 1984ರಲ್ಲಿ ವರದಿ ಕೊಟ್ಟ ಬ್ರಿಟನ್ನಿನ ಸರ್ಕಾರಿ ಸಮಿತಿ ಅಂಥ ಕೊಬ್ಬನ್ನು ತಗ್ಗಿಸಲು ಹೇಳಿತು. ಆದರೂ ಯಾರ್ಕ್‌ಷೈರಿನ ಹಲವು ಅಂಗಡಿಗಳು ಮೀನು ಮತ್ತು ಚಿಪ್ಸನ್ನು ಇಂದಿಗೂ ದನದ ಡ್ರಿಪ್ಪಿಂಗಿನಲ್ಲೇ ಕರಿಯುತ್ತವೆ. ಅಲ್ಲಿಗೆ ಹೋಗುವ ನಮ್ಮ ಕಡೆಯ ಸಸ್ಯಾಹಾರಿಗಳು ಆಲೂಗಡ್ಡೆ ತಾನೆ ಎಂದುಕೊಳ್ಳದೆ ಯಾವುದರಲ್ಲಿ ಕರಿದದ್ದೆಂದು ಕೇಳಿಕೊಳ್ಳಬೇಕು. ಸೂಪರ್‌ಮಾರ್ಕೆಟ್ಟಿನ ಪೊಟ್ಟಣದಲ್ಲಿ ಬರುವ ಡ್ರಿಪ್ಪಿಂಗ್ ಕಾರ್ಖಾನೆಯಲ್ಲಿ ಕರಗಿಸಿ ಶುದ್ಧಿ ಮಾಡಿದ್ದು, ಅದರಲ್ಲಿ ಕಂದು ಲೋಳೆ ಇರುವುದಿಲ್ಲ. ಅದು ಬೇಕೆನ್ನುವವರು ಭಾನುವಾರ ಮನೆಯಲ್ಲೇ ಮಾಂಸ ರೋಸ್ಟ್ ಮಾಡಬೇಕು, ಇಲ್ಲವೇ ತಾನೇ ರೋಸ್ಟ್ ಮಾಡಿ ಮಾರುವ ಕಟುಕನ ಅಂಗಡಿಯನ್ನು ಹುಡುಕಿಕೊಳ್ಳಬೇಕು.