ಐರಿಷ್ ಅಜ್ಜನ ಶೋಧ: ಕುಟುಂಬ ಸ್ಮೃತಿ, ಸುಟ್ಟ ದಾಖಲೆ ಹಾಗೂ ಮೊದಲ ಮಹಾಯುದ್ಧದ ಸೈನಿಕ

ಮೌಖಿಕ ಪರಂಪರೆಯನ್ನು ಚರಿತ್ರೆಯ ಆಕರವಾಗಿ ಎಷ್ಟರಮಟ್ಟಿಗೆ ನೆಚ್ಚಬಹುದು ಎಂಬ ಪ್ರಶ್ನೆ ಜಾನಪದ ಅಧ್ಯಯನದಷ್ಟೇ ಹಳೆಯದು. ಬರಹ ದೃಢವಾದುದು, ಬಾಯಿಮಾತು ಚಂಚಲವಾದುದು ಎಂಬ ನಂಬಿಕೆ ಈ ಪ್ರಶ್ನೆಯ ಬೆನ್ನಿಗಿದೆ. ಐರ್ಲೆಂಡಿನಲ್ಲಿ ತನ್ನ ಅಜ್ಜನ ಮೂಲವನ್ನು ಅರಸಿ ಹೊರಟ ಮೊಮ್ಮಗನ ಅನುಭವ ಈ ನಂಬಿಕೆಯನ್ನು ಮರುಪರಿಶೀಲಿಸುವಂತೆ ಮಾಡುತ್ತದೆ. ಅಲ್ಲಿ ಬೆಂಕಿಗೆ ಆಹುತಿಯಾದದ್ದು ಬರಹ. ಉಳಿದುಬಂದದ್ದು ಎಷ್ಟೋ ವೇಳೆ ಮನೆಮಾತು. ಆ ಅಜ್ಜ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯಲ್ಲಿ ದುಡಿದವನಾಗಿದ್ದರೆ ಮನೆಮಾತೂ ಅನೇಕ ಸಲ ತುಟಿ ಬಿಗಿದುಕೊಂಡಿರುತ್ತದೆ. ದಾಖಲೆಯ ನಾಶ ಮತ್ತು ಸ್ಮೃತಿಯ ಮೌನ ಇವೆರಡರ ನಡುವೆ ಒಬ್ಬ ಸಾಮಾನ್ಯ ಸೈನಿಕನನ್ನು ಕಂಡುಕೊಳ್ಳುವ ಬಗೆಯನ್ನು ವಿವೇಚಿಸುವುದು ಈ ಪ್ರಬಂಧದ ಉದ್ದೇಶ.

ಊರು ಮತ್ತು ಹೆಸರು

ಐರಿಷ್ ವಂಶಶೋಧನೆಯ ಮೊದಲ ಮೆಟ್ಟಿಲು ಊರು. ಅಲ್ಲಿನ ಭೂವಿಭಾಗದ ಅತಿ ಚಿಕ್ಕ ಘಟಕಕ್ಕೆ ಟೌನ್‌ಲ್ಯಾಂಡ್ ಎಂದು ಹೆಸರು. ಇಡೀ ದ್ವೀಪದಲ್ಲಿ ಇಂಥವು 60 ಸಾವಿರಕ್ಕೂ ಹೆಚ್ಚಿವೆ. ಅಜ್ಜನ ಟೌನ್‌ಲ್ಯಾಂಡ್ ಯಾವುದೆಂಬುದು ತಿಳಿಯದಿದ್ದರೆ ಹೆಸರೊಂದರಿಂದಲೇ ಹೆಚ್ಚಿನ ಪ್ರಯೋಜನವಿಲ್ಲ. ಏಕೆಂದರೆ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರನ್ನೂ ಎರಡನೆಯವನಿಗೆ ತಾಯಿಯ ತಂದೆಯ ಹೆಸರನ್ನೂ ಇಡುವ ರೂಢಿ ಅಲ್ಲಿ ವ್ಯಾಪಕವಾಗಿತ್ತು. ಇದರಿಂದ ಒಂದೇ ಹೆಸರಿನ ಹಲವು ದಾಯಾದಿಗಳು ಒಂದೇ ಊರಿನಲ್ಲಿ ಇರುತ್ತಿದ್ದರು. ಮನೆತನದ ಹೆಸರೂ ಸ್ಥಿರವಲ್ಲ. ಕಮ್ಮಾರನ ಮಗ ಎಂಬರ್ಥದ ‘ಮ್ಯಾಕ್ ಗವನ್’ ಕೆಲವೆಡೆ ಇಂಗ್ಲಿಷಿನ ‘ಸ್ಮಿತ್’ ಆಯಿತು. ಇಂಥ ಸ್ಮಿತ್ ಮನೆತನವನ್ನು ಇಂಗ್ಲಿಷ್ ವಲಸಿಗರ ಸಂತತಿ ಎಂದು ಭಾವಿಸಿದರೆ ಶೋಧ ಆರಂಭದಲ್ಲಿಯೇ ದಾರಿ ತಪ್ಪುತ್ತದೆ. ‘ನಾವು ಹಳೆಯ ಐರಿಷರು’ ಎಂದು ಮನೆಯ ಹಿರಿಯರು ಹೇಳಿದ ಮಾತು ಇಲ್ಲಿ ಇಂಗ್ಲಿಷ್ ಗುಮಾಸ್ತನ ಬರಹಕ್ಕಿಂತ ಹೆಚ್ಚು ನಿಜವಾಗಿರುವ ಸಂಭವವಿದೆ.

ಬರಹದ ಆಕರಗಳಲ್ಲಿ 1901 ಮತ್ತು 1911ರ ಜನಗಣತಿಗಳು ಮುಖ್ಯವಾದವು. 1911ರ ಏಪ್ರಿಲ್ 2ರ ರಾತ್ರಿ ಮನೆಯಲ್ಲಿದ್ದವರ ಹೆಸರು, ಯಜಮಾನನೊಡನೆ ಸಂಬಂಧ, ಮತ, ಅಕ್ಷರಜ್ಞಾನ, ವಯಸ್ಸು, ಕಸುಬು, ಹುಟ್ಟಿದ ಕೌಂಟಿ, ಐರಿಷ್ ಭಾಷೆಯ ಅರಿವು ಇವೆಲ್ಲ ಅದರಲ್ಲಿ ದಾಖಲಾಗಿವೆ. ವಿವಾಹಿತ ಸ್ತ್ರೀಯು ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬ ಲೆಕ್ಕವೂ ಇದೆ. ಆ ಎರಡು ಅಂಕಿಗಳ ಅಂತರವೇ ಒಂದು ಮನೆಯ ದುಃಖದ ಚರಿತ್ರೆ. ಮನೆಯ ಗೋಡೆ ಎಂಥದು, ಮಾಡು ಹುಲ್ಲಿನದೇ ಹಂಚಿನದೇ, ಮುಂಭಾಗದಲ್ಲಿ ಕಿಟಕಿಗಳೆಷ್ಟು ಎಂಬ ವಿವರ ಬೇರೊಂದು ಹಾಳೆಯಲ್ಲಿದೆ.

ಆದರೆ ಈ ದಾಖಲೆಯೂ ನಿರ್ದುಷ್ಟವಲ್ಲ. 1901ರಿಂದ 1911ರವರೆಗಿನ ಹತ್ತು ವರ್ಷಗಳಲ್ಲಿ ಹದಿನೈದು ವರ್ಷ ಹೆಚ್ಚು ಮುದುಕರಾದ ವೃದ್ಧರು ಆ ಪುಟಗಳಲ್ಲಿ ಸಾಕಷ್ಟು ಸಿಗುತ್ತಾರೆ. ಇದಕ್ಕೆ ಕಾರಣ 1908ರ ವೃದ್ಧಾಪ್ಯ ವೇತನದ ಕಾಯಿದೆ. 1909ರ ಜನವರಿಯಿಂದ ಎಪ್ಪತ್ತು ತುಂಬಿದ ಬಡವರಿಗೆ ವೇತನ ದೊರೆಯತೊಡಗಿತು. ಹುಟ್ಟಿದ ದಿನದ ಬರಹವಿಲ್ಲದ ಜನ ತಮ್ಮ ವಯಸ್ಸನ್ನು ಹೊಸದಾಗಿ ಎಣಿಸಿಕೊಂಡರು. ಐರ್ಲೆಂಡಿನಲ್ಲಿ ಜನನ ಮರಣಗಳ ಸಾರ್ವತ್ರಿಕ ನೋಂದಣಿ ಆರಂಭವಾದದ್ದೇ 1864ರಲ್ಲಿ ಎಂಬುದನ್ನು ನೆನೆದರೆ ಇದು ಕೇವಲ ವಂಚನೆಯಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಎರಡು ಬೆಂಕಿಗಳು

ಹತ್ತೊಂಬತ್ತನೆಯ ಶತಮಾನಕ್ಕೆ ಹಿಂದಿರುಗಿದಾಗ ಶೋಧಕನ ಮುಂದೆ ಬರಿದಾದ ಕಪಾಟುಗಳಿವೆ. 1861 ಮತ್ತು 1871ರ ಗಣತಿಯ ಹಾಳೆಗಳನ್ನು ಸರಕಾರವೇ ನಾಶಪಡಿಸಿತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾದವು. 1821ರಿಂದ 1851ರವರೆಗಿನವು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಸಾರ್ವಜನಿಕ ದಾಖಲೆಗಳ ಭಂಡಾರದಲ್ಲಿದ್ದು, ಅಂತರ್ಯುದ್ಧದ ಆರಂಭದಲ್ಲಿ, 1922ರ ಜೂನ್ 30ರಂದು, ಸ್ಫೋಟ ಹಾಗೂ ಬೆಂಕಿಯಲ್ಲಿ ಬಹುತೇಕ ಬೂದಿಯಾದವು. 1845ರಿಂದ 1852ರವರೆಗಿನ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ಅಥವಾ ಇನ್ನೂ ಹೆಚ್ಚು ಜನ ದೇಶ ಬಿಟ್ಟರು. ಆ ಜನರ ಹೆಸರುಗಳನ್ನು ಹಿಡಿದಿಟ್ಟಿದ್ದ ಪುಟಗಳೂ ಹೀಗೆ ಎರಡನೆಯ ಬಾರಿ ಸತ್ತವು.

ವಿಚಿತ್ರವೆಂದರೆ, ಮೇಲೆ ಹೇಳಿದ ವೃದ್ಧಾಪ್ಯ ವೇತನವೇ ಕೆಲವು ಹೆಸರುಗಳನ್ನು ಉಳಿಸಿತು. ವಯಸ್ಸಿನ ಆಧಾರಕ್ಕಾಗಿ ಅರ್ಜಿದಾರರು 1841 ಮತ್ತು 1851ರ ಗಣತಿಯನ್ನು ಹುಡುಕಿಸುತ್ತಿದ್ದರು. ಆ ಶೋಧನೆಯ ನಮೂನೆಗಳಲ್ಲಿ ಅಧಿಕಾರಿಗಳು ನಕಲಿಸಿಕೊಂಡ ಕುಟುಂಬದ ವಿವರಗಳು ಮೂಲ ಸುಟ್ಟ ಮೇಲೂ ಉಳಿದವು. ಇದಲ್ಲದೆ 1847ರಿಂದ 1864ರ ನಡುವಿನ ಗ್ರಿಫಿತ್ ಮೌಲ್ಯಮಾಪನ ಮತ್ತು ಕ್ಯಾಥೊಲಿಕ್ ಪ್ಯಾರಿಷ್‌ಗಳ ದೀಕ್ಷಾಸ್ನಾನ, ವಿವಾಹಗಳ ಪುಸ್ತಕಗಳು ಗಣತಿಯ ಕೊರತೆಯನ್ನು ಭಾಗಶಃ ತುಂಬುತ್ತವೆ. ಈ ಪ್ಯಾರಿಷ್ ಪುಸ್ತಕಗಳ ಸೂಕ್ಷ್ಮಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು 2015ರಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ತೆರೆಯಿತು.

ಎರಡನೆಯ ಬೆಂಕಿ ಲಂಡನ್ನಿನದು. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನದಾಳಿಯಿಂದ ಯುದ್ಧ ಇಲಾಖೆಯ ಉಗ್ರಾಣ ಹೊತ್ತಿ ಉರಿದು, ಮೊದಲ ಮಹಾಯುದ್ಧದ ಸಾಮಾನ್ಯ ಸೈನಿಕರ ಸೇವಾಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾಶವಾದವು. ಅಂಚು ಕರಿದ, ನೀರಿನಿಂದ ತೊಯ್ದ ಉಳಿಕೆಗಳನ್ನು ‘ಸುಟ್ಟ ದಾಖಲೆಗಳು’ ಎಂಬ ಹೆಸರಿನಿಂದಲೇ ಕ್ಯೂ ಎಂಬಲ್ಲಿನ ರಾಷ್ಟ್ರೀಯ ದಾಖಲಾಗಾರ ಗುರುತಿಸುತ್ತದೆ. ಐರಿಷ್ ಸೈನಿಕನ ಪಾಲಿಗೆ ಹುಟ್ಟಿದ ಮನೆಯ ಬರಹ ಒಂದು ಬೆಂಕಿಯಲ್ಲಿ, ಯುದ್ಧದ ಬರಹ ಇನ್ನೊಂದು ಬೆಂಕಿಯಲ್ಲಿ ಹೋಯಿತು.

ಪದಕದ ಅಂಚು

ಹೀಗಿರುವಾಗ ಮನೆಯ ಪೆಟ್ಟಿಗೆಯಲ್ಲಿರುವ ಪದಕವೇ ಆಕರವಾಗುತ್ತದೆ. ಬ್ರಿಟಿಷ್ ಯುದ್ಧಪದಕ ಹಾಗೂ ವಿಜಯಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು ಮತ್ತು ಪಡೆಯನ್ನು ಅಚ್ಚೊತ್ತಲಾಗಿದೆ. ಆ ಸಂಖ್ಯೆಯಿಂದ ಪದಕಸೂಚಿಯ ಚೀಟಿಯನ್ನು ಹಿಡಿಯಬಹುದು. 1915ರ ಅಂತ್ಯದೊಳಗೆ ರಣರಂಗಕ್ಕೆ ಹೋದವನಾದರೆ ಅವನು ಮೊದಲು ಕಾಲಿಟ್ಟ ರಣರಂಗ ಮತ್ತು ದಿನಾಂಕವನ್ನೂ ಆ ಚೀಟಿ ಸಾಮಾನ್ಯವಾಗಿ ತಿಳಿಸುತ್ತದೆ. ಅಲ್ಲಿಂದ ಆ ಬೆಟಾಲಿಯನ್ನಿನ ಯುದ್ಧದಿನಚರಿಗೆ ಹೋಗಬಹುದು. ದಿನಚರಿಯಲ್ಲಿ ಸಾಮಾನ್ಯ ಸೈನಿಕನ ಹೆಸರು ಅಪರೂಪ. ಆದರೆ ಅವನು ನಿಂತ ಕಂದಕ, ನಡೆದ ದಾರಿ, ಕಳೆದ ರಾತ್ರಿಗಳು ಅಲ್ಲಿವೆ.

ಉದಾಹರಣೆಗೆ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಪಡೆಯನ್ನು ನೋಡಬಹುದು. ಮೊಮ್ಮಗನ ಕೈಯಲ್ಲಿರುವ ಚೀಟಿಯಲ್ಲಿ ಆ ಪಡೆಯ ಮೊದಲನೆಯ ಬೆಟಾಲಿಯನ್ನಿನ ಹೆಸರೂ 1915ರ ಏಪ್ರಿಲ್ 25 ಎಂಬ ದಿನಾಂಕವೂ ಇದ್ದರೆ, ಅಜ್ಜ ಗ್ಯಾಲಿಪೊಲಿಯ ಸೆದ್ ಎಲ್ ಬಹರ್ ಕಡಲತೀರದಲ್ಲಿ ದೋಣಿಯಿಂದ ಇಳಿದವರಲ್ಲಿ ಒಬ್ಬನಾಗಿರಬೇಕು. ಆ ದಿನ ಡಬ್ಲಿನ್ ಮತ್ತು ಮನ್ಸ್ಟರ್ ಪಡೆಗಳಿಗೆ ಎಂಥ ಹಾನಿಯಾಯಿತೆಂದರೆ, ಉಳಿದವರನ್ನು ಕೆಲಕಾಲ ಒಂದೇ ಘಟಕವಾಗಿ ಕೂಡಿಸಬೇಕಾಯಿತು. ಸೈನಿಕರು ಅದನ್ನು ‘ಡಬ್‌ಸ್ಟರ್ಸ್’ ಎಂದು ಕರೆದರು. ಇಂಥ ಅಡ್ಡಹೆಸರು ಮನೆಮಾತಿನಲ್ಲಿ ಉಳಿದಿದ್ದರೆ ಅದು ಸುಟ್ಟ ಕಡತಕ್ಕೆ ಸಮನಾದ ಸಾಕ್ಷ್ಯ.

ಈ ಪಡೆಯ ವಂಶಾವಳಿಯಲ್ಲಿ ಕನ್ನಡನಾಡಿಗೂ ಸೇರಿದ ಒಂದು ಎಳೆಯಿದೆ. 1881ರಲ್ಲಿ ಡಬ್ಲಿನ್ ಹೆಸರು ಪಡೆಯುವ ಮುನ್ನ ಅದರ ಮೊದಲನೆಯ ಬೆಟಾಲಿಯನ್ನು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಯುರೋಪಿಯನ್ ದಳದಿಂದ ಬೆಳೆದುಬಂದಿತ್ತು. ಅದರ ಯುದ್ಧಗೌರವಗಳಲ್ಲಿ ‘ಮೈಸೂರು’ ಮತ್ತು ‘ನಂದಿದುರ್ಗ’ ಎಂಬ ಹೆಸರುಗಳಿದ್ದವು. ಟಿಪ್ಪುವಿನ ಕೈಯಿಂದ ನಂದಿದುರ್ಗವನ್ನು ಕಂಪನಿಯ ಸೇನೆ ಕಸಿದುಕೊಂಡದ್ದು 1791ರ ಅಕ್ಟೋಬರಿನಲ್ಲಿ. ಡಬ್ಲಿನ್ನಿನ ಬಡಬೀದಿಯಿಂದ ಬಂದು ಸೇನೆ ಸೇರಿದ ಹುಡುಗ ತಾನರಿಯದ ನಮ್ಮ ಬೆಟ್ಟವೊಂದರ ಹೆಸರಿನ ಕೀರ್ತಿಗೆ ವಾರಸುದಾರನಾಗಿದ್ದ. ತಾನೇ ವಸಾಹತುವಾಗಿದ್ದ ನಾಡಿನ ಮಗ ಇನ್ನೊಂದು ವಸಾಹತಿನ ಸೋಲಿನ ಗುರುತನ್ನು ಹೊತ್ತು ನಡೆದ ಈ ಸಂದರ್ಭ ವಿಚಾರಾರ್ಹವಾಗಿದೆ.

ಮೌನದ ಕಾರಣ

ಸುಮಾರು ಎರಡು ಲಕ್ಷ ಐರಿಷರು ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದರು. ಸ್ವಯಮಾಡಳಿತ ದೊರೆಯಲೆಂಬ ಆಸೆ, ಬೆಲ್ಜಿಯಂ ಮೇಲಿನ ಕನಿಕರ, ಸಾಹಸದ ಸೆಳೆತ, ಹೊಟ್ಟೆಪಾಡು ಹೀಗೆ ಸೇರಿದ್ದಕ್ಕೆ ಕಾರಣಗಳು ಹಲವು. ಆದರೆ 1916ರ ಈಸ್ಟರ್ ಬಂಡಾಯ ಮತ್ತು ಅದರ ನಾಯಕರ ಮರಣದಂಡನೆಗಳು ನಾಡಿನ ಮನಸ್ಸನ್ನೇ ಬದಲಿಸಿದವು. ಹಿಂದಿರುಗಿದ ಸೈನಿಕ ತಾನು ಬಿಟ್ಟುಹೋದ ಐರ್ಲೆಂಡನ್ನು ಮತ್ತೆ ಕಾಣಲಿಲ್ಲ. ಸ್ಲೇನ್ ಊರಿನ ಬಡ ಕುಟುಂಬದ ಕವಿ ಫ್ರಾನ್ಸಿಸ್ ಲೆಡ್ವಿಜ್ ಇನಿಸ್ಕಿಲಿಂಗ್ ಪಡೆಯ ಸಮವಸ್ತ್ರದಲ್ಲಿದ್ದುಕೊಂಡೇ, ಬಂಡಾಯಕ್ಕಾಗಿ ಗುಂಡಿಗೆ ಬಲಿಯಾದ ಥಾಮಸ್ ಮ್ಯಾಕ್‌ಡೊನನಿಗಾಗಿ ಶೋಕಗೀತೆ ಬರೆದ. 1917ರ ಜುಲೈ 31ರಂದು ಬೆಲ್ಜಿಯಂನಲ್ಲಿ ಸತ್ತ. ಡಬ್ಲಿನ್ ಪಡೆಯ ಅಧಿಕಾರಿಯಾಗಿ 1916ರಲ್ಲಿ ಜಿಂಚಿಯಲ್ಲಿ ಶೌರ್ಯಪದಕ ಗಳಿಸಿದ ಎಮೆಟ್ ಡಾಲ್ಟನ್ ಮುಂದೆ ಸ್ವಾತಂತ್ರ್ಯ ಹೋರಾಟಕ್ಕೆ ಸೇರಿ, 1922ರಲ್ಲಿ ಫೋರ್ ಕೋರ್ಟ್ಸ್ ಮೇಲಿನ ದಾಳಿಯಲ್ಲಿ ಪ್ರಮುಖ ಪಾತ್ರ ವಹಿಸಿದ. ಅದೇ ವರ್ಷದ ಜೂನ್ 12ರಂದು ವಿಸರ್ಜನೆಗೊಳ್ಳಲಿದ್ದ ದಕ್ಷಿಣ ಐರ್ಲೆಂಡಿನ ಪಡೆಗಳ ಧ್ವಜಗಳನ್ನು ವಿಂಡ್ಸರ್ ಅರಮನೆಯಲ್ಲಿ ದೊರೆಗೆ ಒಪ್ಪಿಸಲಾಗಿತ್ತು. ಪಡೆಯ ಧ್ವಜವೂ ಪೂರ್ವಜರ ಹೆಸರೂ ಒಂದೇ ತಿಂಗಳಲ್ಲಿ ಕಣ್ಮರೆಯಾದವು.

ಪದಕಗಳು ಪೆಟ್ಟಿಗೆಯ ತಳ ಸೇರಿದ್ದು ಇಂಥ ಸನ್ನಿವೇಶದಲ್ಲಿ. 1935ರಲ್ಲಿ ಸ್ಥಾಪಿತವಾದ ಐರಿಷ್ ಜಾನಪದ ಆಯೋಗ 1937ರಿಂದ 1939ರವರೆಗೆ ಶಾಲಾಮಕ್ಕಳಿಂದಲೇ ಹಿರಿಯರ ಮಾತುಗಳನ್ನು ಬರೆಯಿಸಿ ಲಕ್ಷಾಂತರ ಪುಟಗಳ ಅದ್ಭುತ ಸಂಗ್ರಹವನ್ನು ಮಾಡಿತು. ಕ್ಷಾಮದ ನೆನಪು, ನಾಟಿ ಮದ್ದು, ಹಳೆಯ ಕಸುಬುಗಳು ಹೀಗೆ ಅಳಿಯಲಿದ್ದ ಎಷ್ಟೋ ಸಂಗತಿಗಳು ಅದರಿಂದ ಉಳಿದವು. ಆದರೆ ಹೇಳಲಾಗದ ಸಂಗತಿಯನ್ನು ಯಾವ ಸಂಗ್ರಾಹಕನೂ ಬರೆದುಕೊಳ್ಳಲಾರ. ಕ್ಷೇತ್ರಕಾರ್ಯದಲ್ಲಿ ಮೌನವನ್ನು ಮಾಹಿತಿಯ ಅಭಾವವೆಂದು ಪರಿಗಣಿಸುವುದು ತಪ್ಪು. ಅದಕ್ಕೂ ಕಾಲ, ಕಾರಣ, ಸಂದರ್ಭಗಳಿವೆ.

ಆ ಮೌನ ಒಡೆಯಲು ಎರಡು ತಲೆಮಾರು ಬೇಕಾಯಿತು. 1998ರ ನವೆಂಬರ್ 11ರಂದು ಬೆಲ್ಜಿಯಂನ ಮೆಸೀನ್ಸ್‌ನಲ್ಲಿ ಐರ್ಲೆಂಡ್ ದ್ವೀಪದ ಶಾಂತಿವನವನ್ನು ಐರಿಷ್ ಅಧ್ಯಕ್ಷೆ ಮೇರಿ ಮ್ಯಾಕಲೀಸ್ ಮತ್ತು ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಬೆಲ್ಜಿಯಂ ದೊರೆಯ ಜೊತೆಯಲ್ಲಿ ತೆರೆದರು. 1917ರ ಜೂನಿನಲ್ಲಿ ದ್ವೀಪದ ಉತ್ತರದ 36ನೆಯ ಡಿವಿಜನ್ನೂ 16ನೆಯ ಐರಿಷ್ ಡಿವಿಜನ್ನೂ ಪಕ್ಕಪಕ್ಕದಲ್ಲಿ ಹೋರಾಡಿದ ನೆಲವದು. 2022ರ ಜೂನಿನಲ್ಲಿ, ಭಂಡಾರ ಸುಟ್ಟು ನೂರು ವರ್ಷ ತುಂಬಿದಾಗ, ಬೇರೆಡೆ ಉಳಿದಿದ್ದ ನಕಲುಗಳನ್ನು ಕೂಡಿಸಿ ಅದನ್ನು ಅಂತರ್ಜಾಲದಲ್ಲಿ ಮರುಕಟ್ಟುವ ಯೋಜನೆಯೂ ಸಾರ್ವಜನಿಕರಿಗೆ ತೆರೆದುಕೊಂಡಿತು.

ಒಟ್ಟಿನಲ್ಲಿ ಐರಿಷ್ ಅಜ್ಜನ ಶೋಧವು ದಾಖಲೆಯನ್ನು ಬಾಯಿಮಾತಿನಿಂದಲೂ ಬಾಯಿಮಾತನ್ನು ದಾಖಲೆಯಿಂದಲೂ ತಿದ್ದಿಕೊಳ್ಳುತ್ತ ಸಾಗಬೇಕಾದ ಕೆಲಸ. ಹೆಚ್ಚಿಸಿ ಹೇಳಿದ ವಯಸ್ಸು, ಬದಲಾದ ಮನೆತನದ ಹೆಸರು, ತೋರಿಸದೆ ಇಟ್ಟ ಪದಕ ಇವು ಚರಿತ್ರೆಯ ದೋಷಗಳಲ್ಲ, ಚರಿತ್ರೆಯೇ. ಬೆಂಕಿಯಲ್ಲಿ ಹೋದದ್ದು ಮರಳಿ ಬರಲಾರದು. ಆದರೆ ಮನೆಯ ಹಿರಿಯರು ಇರುವಾಗಲೇ ಕೇಳದೆ ಕಳೆದುಕೊಂಡದ್ದಕ್ಕೆ ಯಾವ ಬೆಂಕಿಯನ್ನೂ ದೂರುವಂತಿಲ್ಲ.